ಅಂಗಡಿ ಒಬ್ಬನದು, ಲೈಸೆನ್ಸು ಇನ್ನೊಬ್ಬನದು

ದುಬೈ ನಗರದ ಕರಾಮಾ ಬಡಾವಣೆಯಲ್ಲಿ ಬೆಳಿಗ್ಗೆ ಏಳರ ಹೊತ್ತಿಗೆ ಒಂದು ಉಡುಪಿ ಹೋಟೆಲಿನ ಬಾಗಿಲು ತಳ್ಳಿ ಒಳಗೆ ಹೋದರೆ ಪರದೇಶಕ್ಕೆ ಬಂದಿದ್ದೇವೆ ಎಂಬುದೇ ಮರೆತುಹೋಗುತ್ತದೆ. ಕಾವಲಿಯ ಮೇಲೆ ದೋಸೆ ಚುಯ್ಯೆನ್ನುತ್ತಿರುತ್ತದೆ. ಅಡುಗೆಮನೆಯಿಂದ ತುಳು ಕೇಳಿಸುತ್ತದೆ, ಗಲ್ಲಾದಿಂದ ಕುಂದಾಪುರದ ಕನ್ನಡ. ಆದರೆ ಗಲ್ಲಾದ ಹಿಂದಿನ ಗೋಡೆಯಲ್ಲಿ ಚೌಕಟ್ಟು ಹಾಕಿ ತೂಗಿಬಿಟ್ಟ ಒಂದು ಕಾಗದವಿರುತ್ತದೆ. ಅದು ಅರಬ್ಬಿಯಲ್ಲಿ ಅಚ್ಚಾದ ವ್ಯಾಪಾರದ ಲೈಸೆನ್ಸು. ದಶಕಗಳ ಕಾಲ ಆ ಕಾಗದದಲ್ಲಿ ದೊಡ್ಡ ಪಾಲುದಾರನೆಂದು ನಮೂದಾದ ಹೆಸರು ಗಲ್ಲಾದಲ್ಲಿ ಕುಳಿತವರದಾಗಿರಲಿಲ್ಲ.

ದುಡ್ಡು ಹಾಕಿದವರು, ಊರಿನಿಂದ ಹುಡುಗರನ್ನು ಕರೆಸಿಕೊಂಡವರು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಿಟ್ಟು ನೋಡುವವರು ಒಬ್ಬರು. ಕಾನೂನಿನ ಕಣ್ಣಿಗೆ ಕಾಣುವ ಮಾಲೀಕ ಇನ್ನೊಬ್ಬ. ಇದು ಹೇಗೆ ಸಾಧ್ಯವಾಯಿತು? ಇಷ್ಟು ವರ್ಷ ಹೇಗೆ ನಡೆಯಿತು? 2021ರಲ್ಲಿ ಕಾನೂನು ಬದಲಾದ ಮೇಲೂ ಈ ಪ್ರಶ್ನೆ ಏಕೆ ಪೂರ್ತಿ ಮುಗಿದಿಲ್ಲ? ಕರಾವಳಿಯ ಸಾವಿರಾರು ಕುಟುಂಬಗಳ ಅನ್ನದ ಪ್ರಶ್ನೆಯಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ.

ರೂಪಾಯಿ ನಡೆಯುತ್ತಿದ್ದ ಕಾಲ

ಕೊಲ್ಲಿಯ ಬಂದರುಗಳಿಗೆ ಭಾರತೀಯ ವ್ಯಾಪಾರಿ ಹೊಸಬನಲ್ಲ. ಪೆಟ್ರೋಲು ಕಾಣುವುದಕ್ಕೆ ಎಷ್ಟೋ ಮೊದಲೇ ಕಚ್ಛಿ, ಸಿಂಧಿ ವರ್ತಕರು ಮಸ್ಕತ್, ದುಬೈ, ಬಹರೈನ್‌ಗಳಲ್ಲಿ ಬಟ್ಟೆ, ಅಕ್ಕಿ ಮಾರಿ, ಮುತ್ತು ಕೊಳ್ಳುತ್ತಿದ್ದರು. ದುಬೈಯಲ್ಲಿ 1909ರಲ್ಲಿ ತೆರೆದ ಅಂಚೆ ಕಚೇರಿ ಭಾರತದ ಅಂಚೆ ಇಲಾಖೆಗೆ ಸೇರಿದ್ದು. 1960ರ ದಶಕದ ನಡುವಿನವರೆಗೂ ಅಲ್ಲಿನ ಪೇಟೆಯಲ್ಲಿ ನಡೆಯುತ್ತಿದ್ದುದು ರೂಪಾಯಿ. 1959ರಲ್ಲಿ ಕೊಲ್ಲಿಗೆಂದೇ ಭಾರತ ಬೇರೆ ನೋಟು ಅಚ್ಚು ಹಾಕಿಸಿತ್ತು. 1966ರಲ್ಲಿ ರೂಪಾಯಿ ಅಪಮೌಲ್ಯಗೊಂಡ ನಂತರವೇ ದುಬೈ ಅದನ್ನು ಕೈಬಿಟ್ಟಿತು.

1971ರ ಡಿಸೆಂಬರ್ 2ರಂದು ಸಂಯುಕ್ತ ಅರಬ್ ಎಮಿರೇಟ್ಸ್ ಸ್ವತಂತ್ರ ಒಕ್ಕೂಟವಾಯಿತು. 1973ರ ನಂತರ ತೈಲದ ಬೆಲೆ ಏರಿತು. ರಸ್ತೆ, ಬಂದರು, ಕಟ್ಟಡ ಕಟ್ಟಲು ಹೊರಗಿನಿಂದ ಜನ ಹರಿದುಬಂದರು. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದಲೂ ಮನೆಗೊಬ್ಬರಂತೆ ಹೊರಟರು. ಮೊದಲು ಕೂಲಿಗೆ, ಗುಮಾಸ್ತಿಕೆಗೆ ಹೋದವರಲ್ಲಿ ಕೆಲವರು ನಾಲ್ಕು ಕಾಸು ಕೂಡಿಟ್ಟು ಸ್ವಂತದ್ದೊಂದು ಹೋಟೆಲು, ಬಟ್ಟೆಯಂಗಡಿ, ಟೇಲರಿಂಗ್ ಅಂಗಡಿ ಹಾಕಬೇಕೆಂದುಕೊಂಡರು. ಅಲ್ಲಿ ಎದುರಾದದ್ದು ಪಾಲುದಾರಿಕೆಯ ಪ್ರಶ್ನೆ.

ಶೇ 51ರ ಗೆರೆ

ಎಮಿರೇಟ್ಸ್‌ನ ಮೂಲ ನಾಗರಿಕರು ತಮ್ಮದೇ ನೆಲದಲ್ಲಿ ಅಲ್ಪಸಂಖ್ಯಾತರಾಗಿದ್ದರು. ಹೀಗೇ ಬಿಟ್ಟರೆ ಪೇಟೆಯೆಲ್ಲ ಹೊರಗಿನವರ ಕೈ ಸೇರುತ್ತದೆ ಎಂಬ ಆತಂಕ ಸಹಜವಾಗಿಯೇ ಇತ್ತು. 1984ರ ಒಕ್ಕೂಟ ಕಾನೂನು ಸಂಖ್ಯೆ 8 ಇದಕ್ಕೆ ಉತ್ತರವಾಗಿ ಬಂತು. ಯಾವುದೇ ವ್ಯಾಪಾರಿ ಕಂಪನಿಯ ಬಂಡವಾಳದಲ್ಲಿ ಕನಿಷ್ಠ ಶೇ 51 ಪಾಲು ಅಲ್ಲಿನ ನಾಗರಿಕರದಾಗಿರಬೇಕು ಎಂದು ಅದು ಗೆರೆ ಎಳೆಯಿತು. ಉಳಿದ ಶೇ 49 ವಿದೇಶಿಯದು.

ಇಲ್ಲಿ ವಿದೇಶಿ ಪಾಲುದಾರ ಎಂದರೆ ನಮ್ಮ ಕುಂದಾಪುರದವರೇ ಎಂಬುದನ್ನು ನೆನಪಿಡಬೇಕು. ಈ ನಿಯಮವನ್ನು ಕೇಳಿ ಹುಬ್ಬೇರಿಸುವ ಮೊದಲು ನಮ್ಮ ಮನೆಯ ಕಾನೂನನ್ನೂ ನೆನೆಯುವುದು ಒಳ್ಳೆಯದು. ವಿದೇಶಿಯರ ಪಾಲು ಸಾಮಾನ್ಯವಾಗಿ ಶೇ 40ನ್ನು ಮೀರಬಾರದು ಎಂದು ಭಾರತ 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯಲ್ಲೇ ಹೇಳಿತ್ತು. ಅದನ್ನು ಒಪ್ಪದ ಕೋಕಾ ಕೋಲಾ, ಐಬಿಎಂ ಕಂಪನಿಗಳು 1970ರ ದಶಕದ ಕೊನೆಗೆ ಇಲ್ಲಿಂದ ಹೊರಟುಹೋದವು. ಹೊಸದಾಗಿ ಸ್ವಾತಂತ್ರ್ಯ ಪಡೆದ ದೇಶಗಳಿಗೆಲ್ಲ ಇಂಥ ಭಯವೊಂದು ಇದ್ದೇ ಇತ್ತು. ವ್ಯತ್ಯಾಸವೆಂದರೆ ಕೋಕಾ ಕೋಲಾ ಗಂಟುಮೂಟೆ ಕಟ್ಟಬಹುದಿತ್ತು. ಹೆಂಡತಿಯ ಒಡವೆ ಅಡವಿಟ್ಟು ಅಂಗಡಿ ಹಾಕಿದವರಿಗೆ ಆ ಅನುಕೂಲವಿರಲಿಲ್ಲ.

ಆಚರಣೆಯಲ್ಲಿ ಮೂರು ದಾರಿಗಳು ತೆರೆದವು. ಮೊದಲನೆಯದು ಹೊಣೆ ಸೀಮಿತಗೊಳಿಸಿದ ಕಂಪನಿ. ಅದರಲ್ಲಿ ಶೇ 51-49ರ ಲೆಕ್ಕ. ಎರಡನೆಯದು ಸೇವೆ, ಕುಶಲಕೆಲಸಗಳಿಗೆ ಸಿಗುತ್ತಿದ್ದ ವೃತ್ತಿ ಲೈಸೆನ್ಸು. ಅಲ್ಲಿ ವಿದೇಶಿಯೇ ಪೂರ್ತಿ ಮಾಲೀಕನಾಗಬಹುದಿತ್ತು. ಆದರೆ ಸರ್ಕಾರಿ ಕಚೇರಿಯ ಕೆಲಸಗಳಿಗೆಂದು ಸ್ಥಳೀಯ ಏಜೆಂಟನೊಬ್ಬನನ್ನು ನೇಮಿಸಿ ವರ್ಷಕ್ಕಿಷ್ಟೆಂದು ಕೊಡಬೇಕಿತ್ತು. ಮೂರನೆಯದು ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಅಪಾಯದ್ದು. ಸಣ್ಣ ಕಿರಾಣಿ ಅಂಗಡಿ, ಕೆಫೆಟೇರಿಯಾಗಳ ಲೈಸೆನ್ಸು ನೂರಕ್ಕೆ ನೂರು ಅರಬ್ಬನ ಹೆಸರಿನಲ್ಲೇ ಇರುತ್ತಿತ್ತು. ದುಡ್ಡು ಹಾಕಿದವರು ಕಾಗದದ ಪ್ರಕಾರ ಅದೇ ಅಂಗಡಿಯ ಸಂಬಳದ ನೌಕರ.

1985ರಲ್ಲಿ ಜೆಬೆಲ್ ಅಲಿ ಮುಕ್ತ ವಲಯ ಆರಂಭವಾಗಿ ವಿದೇಶಿಯರಿಗೆ ಅಲ್ಲಿ ಪೂರ್ಣ ಒಡೆತನ ಸಿಕ್ಕಿತು. ಅದು ದೊಡ್ಡ ಕಾರ್ಖಾನೆ, ಆಮದು ರಫ್ತಿನವರಿಗೆ ವರವಾಯಿತು. ಊರ ನಡುವಿನ ಬೀದಿಯಲ್ಲಿ ಇಡ್ಲಿ ಮಾರುವವರಿಗೆ ಅದರಿಂದ ಏನೂ ಆಗಲಿಲ್ಲ.

ಕಫೀಲ್, ಅರಬಾಬ್, ಗೇಣಿ

ಈ ಸ್ಥಳೀಯ ಪಾಲುದಾರನಿಗೆ ಕೊಲ್ಲಿಯಲ್ಲಿರುವ ನಮ್ಮವರ ಬಾಯಲ್ಲಿ ಎರಡು ಹೆಸರುಗಳಿವೆ. ಒಂದು ಕಫೀಲ್, ಇನ್ನೊಂದು ಅರಬಾಬ್. ಕಫೀಲ್ ಎಂದರೆ ಅರಬ್ಬಿಯಲ್ಲಿ ಜಾಮೀನು ನಿಂತವನು. ಒಬ್ಬನ ಸಾಲಕ್ಕೋ ನಡತೆಗೋ ಇನ್ನೊಬ್ಬ ಹೊಣೆ ಹೊರುವುದು ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಬಹಳ ಹಳೆಯ ಕಲ್ಪನೆ. ಅದು ಹೊರಗಿನ ಕೆಲಸಗಾರನನ್ನು ಸ್ಥಳೀಯನೊಬ್ಬನಿಗೆ ಕಟ್ಟಿಹಾಕುವ ಆಡಳಿತ ವ್ಯವಸ್ಥೆಯಾಗಿ ಬದಲಾದದ್ದರ ಬೇರು ಬ್ರಿಟಿಷರ ಕಾಲದ ಬಹರೈನ್‌ನ ಮುತ್ತಿನ ಉದ್ಯಮದಲ್ಲಿದೆ ಎಂದು ಕೆಲವು ಇತಿಹಾಸಕಾರರು ಗುರುತಿಸುತ್ತಾರೆ. ಅರಬಾಬ್ ಎಂದರೆ ಯಜಮಾನ, ಧಣಿ.

ಧಣಿ ಎಂಬ ಮಾತು ಕರಾವಳಿಯವರಿಗೆ ಬೇರೊಂದು ನೆನಪನ್ನೂ ತರುತ್ತದೆ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಗೇಣಿ ಎರಡು ಬಗೆಯದಾಗಿತ್ತು. ಗೊತ್ತಾದ ಗೇಣಿ ಕೊಡುತ್ತ ತಲೆಮಾರುಗಟ್ಟಲೆ ಉಳುವ ಹಕ್ಕು ಮೂಲಗೇಣಿ. ಧಣಿಯ ಮನಸ್ಸು ಇರುವವರೆಗೆ ಮಾತ್ರ ಉಳುವುದು ಚಾಲಗೇಣಿ. ಪಟ್ಟೆ ಧಣಿಯ ಹೆಸರಿನಲ್ಲಿ, ನೇಗಿಲು ಒಕ್ಕಲಿನ ಕೈಯಲ್ಲಿ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಯಾದಾಗ ಆ ಕಾಲ ಮುಗಿಯಿತು. ಅದೇ ದಶಕದಲ್ಲಿ ಅದೇ ಊರುಗಳ ಹುಡುಗರು ವಿಮಾನ ಹತ್ತಿ ಕೊಲ್ಲಿಗೆ ಹೋದರು. ಅಲ್ಲಿ ಅವರು ಕಂಡದ್ದು ಗೇಣಿಯ ಹಾಗೆಯೇ ಕಾಣುವ ಇನ್ನೊಂದು ಏರ್ಪಾಡನ್ನು. ವರ್ಷಕ್ಕೊಮ್ಮೆ ಲೈಸೆನ್ಸು ನವೀಕರಿಸುವ ಹೊತ್ತಿಗೆ ಅರಬಾಬ್‌ಗೆ ಗೊತ್ತಾದ ಮೊತ್ತ ಕೊಡಬೇಕು. ಲಾಭವಾಗಲಿ ನಷ್ಟವಾಗಲಿ, ಅದು ತಪ್ಪುವಂತಿಲ್ಲ.

ಹೋಲಿಕೆ ಪೂರ್ತಿ ಸರಿಯಲ್ಲ. ಒಕ್ಕಲು ಅಲ್ಲೇ ಹುಟ್ಟಿದವನು, ವ್ಯಾಪಾರಿ ತಾನಾಗಿ ಹೋದವನು. ಅರಬಾಬ್‌ಗಳಲ್ಲಿ ಬರೀ ಸಹಿಯ ದುಡ್ಡು ಎಣಿಸಿದವರೂ ಇದ್ದರು, ವೀಸಾ ತೊಡಕಿಗೆ ತಾವೇ ಕಚೇರಿ ಅಲೆದು, ಕಷ್ಟದ ವರ್ಷ ಹಣ ಬೇಡವೆಂದವರೂ ಇದ್ದರು. ಆದರೆ ಒಳ್ಳೆಯ ಧಣಿಯ ಕೈಕೆಳಗೂ ಚಾಲಗೇಣಿ ಚಾಲಗೇಣಿಯೇ. ಹಕ್ಕು ನಿಂತದ್ದು ಒಬ್ಬ ಮನುಷ್ಯನ ಒಳ್ಳೆಯತನದ ಮೇಲೆ.

ಎರಡನೆಯ ಕಾಗದ

ಕಾನೂನಿನಲ್ಲೇ ಒಂದು ಕಿಂಡಿ ಇತ್ತು. ಬಂಡವಾಳದಲ್ಲಿ ಶೇ 51 ಸ್ಥಳೀಯನದಾದರೂ ಲಾಭ ಹಂಚಿಕೆ ಅದೇ ಪ್ರಮಾಣದಲ್ಲಿ ಇರಬೇಕೆಂದಿರಲಿಲ್ಲ. ಲಾಭದಲ್ಲಿ ಶೇ 80 ವಿದೇಶಿಗೆ ಎಂದು ಕರಾರಿನಲ್ಲಿ ಬರೆಸಬಹುದಿತ್ತು. ವ್ಯವಸ್ಥಾಪಕನ ಅಧಿಕಾರವನ್ನೂ ವಿದೇಶಿಗೇ ಕೊಡಬಹುದಿತ್ತು. ಇದನ್ನು ಸರಿಯಾಗಿ ಬಳಸಿಕೊಂಡವರು ಅಷ್ಟರಮಟ್ಟಿಗೆ ಭದ್ರವಾಗಿದ್ದರು.

ಬಹಳ ಮಂದಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನೋಟರಿಯ ಮುಂದೆ ಅರಬ್ಬಿಯಲ್ಲಿ ನೋಂದಾಯಿಸಿದ ಕರಾರಿನ ಜೊತೆಗೆ ಒಳಗಿಂದೊಳಗೆ ಇನ್ನೊಂದು ಕಾಗದ ಮಾಡಿಕೊಂಡರು. ‘ಪಾಲು ನನ್ನ ಹೆಸರಿನಲ್ಲಿದ್ದರೂ ಅದು ನನ್ನದಲ್ಲ, ಇಂಥವರದು’ ಎಂಬುದು ಅದರ ಸಾರ. ನಮ್ಮಲ್ಲಿ ಬೇನಾಮಿ ಎನ್ನುವುದು ಇದನ್ನೇ. ಅಲ್ಲಿಯ ಭಾಷೆಯಲ್ಲಿ ಅದು ತಸತ್ತುರ್, ಅಂದರೆ ಮರೆಮಾಚುವಿಕೆ. ಇದನ್ನು ತಡೆಯಲೆಂದೇ ಎಮಿರೇಟ್ಸ್ 2004ರಲ್ಲಿ ಕಾನೂನು ಮಾಡಿತು. ಅದರ ಜಾರಿ ಮುಂದಕ್ಕೆ ಹೋಯಿತಾದರೂ ಸಂದೇಶ ಸ್ಪಷ್ಟವಿತ್ತು. ವ್ಯಾಜ್ಯವಾದರೆ ಎರಡನೆಯ ಕಾಗದ ನ್ಯಾಯಾಲಯದಲ್ಲಿ ನಿಲ್ಲುತ್ತದೆಂಬ ಭರವಸೆ ಇರಲಿಲ್ಲ. ಅದನ್ನು ಹಿಡಿದು ಹೋದವರು ತಾವೇ ಕಾನೂನು ಮೀರಿದ್ದೇವೆಂದು ಒಪ್ಪಿಕೊಂಡಂತಾಗುತ್ತಿತ್ತು.

ನಿಜವಾದ ಪೆಟ್ಟು ಬೀಳುತ್ತಿದ್ದುದು ಜಗಳದಲ್ಲಲ್ಲ, ಸಾವಿನಲ್ಲಿ. ಸ್ಥಳೀಯ ಪಾಲುದಾರ ತೀರಿಕೊಂಡರೆ ಅವನ ಪಾಲು ವಾರಸುದಾರರಿಗೆ ಹೋಗುತ್ತದೆ. ಇಪ್ಪತ್ತು ವರ್ಷ ಚಹಾ ಕುಡಿದು ಕೈಕುಲುಕಿ ನಡೆಸಿದ ಮಾತು ಅವರಿಗೆ ಗೊತ್ತೇ ಇರುವುದಿಲ್ಲ. ಲೈಸೆನ್ಸಿನ ಕಾಗದಗಳಿಗೆ ಒಂದು ಸಹಿಯ ಬದಲು ಏಳೆಂಟು ಸಹಿ ಬೇಕಾಗಬಹುದು. ಲೈಸೆನ್ಸು ನಿಂತರೆ ಹುಡುಗರ ವೀಸಾ ನಿಲ್ಲುತ್ತದೆ.

ಇದಕ್ಕೆ ಚೆಕ್ಕಿನ ಭಾರವನ್ನೂ ಸೇರಿಸಬೇಕು. ಅಲ್ಲಿ ಅಂಗಡಿ ಬಾಡಿಗೆಗೆ ಮುಂದಿನ ತಾರೀಖು ಹಾಕಿದ ಚೆಕ್ಕುಗಳನ್ನು ಮೊದಲೇ ಕೊಡುವುದು ವಾಡಿಕೆ. ಅವುಗಳಿಗೆ ಸಹಿ ಹಾಕುವುದು ಅಂಗಡಿ ನಡೆಸುವವರು. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಮರಳಿದರೆ ಅದು ಕ್ರಿಮಿನಲ್ ಅಪರಾಧವಾಗಿತ್ತು. 2022ರ ಜನವರಿ 2ರಂದು ಜಾರಿಗೆ ಬಂದ ತಿದ್ದುಪಡಿ ಇದನ್ನು ಬಹುಮಟ್ಟಿಗೆ ಸಿವಿಲ್ ವಿಷಯವಾಗಿಸಿತು. ಅಲ್ಲಿಯವರೆಗೆ ಒಡೆತನ ಒಬ್ಬರದು, ಸೆರೆಮನೆಯ ಭಯ ಇನ್ನೊಬ್ಬರದು ಎಂಬ ಸ್ಥಿತಿ ಇತ್ತು.

ಗೆರೆ ಅಳಿಸಿದ ವರ್ಷ

2014ರ ನಂತರ ತೈಲದ ಬೆಲೆ ಕುಸಿಯಿತು. ಹೊರಗಿನ ಬಂಡವಾಳ ತಮ್ಮಲ್ಲೇ ನೆಲೆನಿಲ್ಲಬೇಕೆಂದು ಕೊಲ್ಲಿಯ ದೇಶಗಳು ಯೋಚಿಸತೊಡಗಿದವು. ಕತಾರ್ ಮತ್ತು ಒಮಾನ್ 2019ರಲ್ಲಿ ವಿದೇಶಿ ಬಂಡವಾಳದ ಕಾನೂನುಗಳನ್ನು ಸಡಿಲಿಸಿದವು. ಸೌದಿ ಅರೇಬಿಯ 2020ರಲ್ಲಿ ಬೇನಾಮಿ ವ್ಯಾಪಾರದ ವಿರುದ್ಧ ಬಿಗಿಯಾದ ಕಾನೂನು ತಂದಿತು. ತಪ್ಪು ಒಪ್ಪಿಕೊಂಡು ಸರಿಪಡಿಸಿಕೊಳ್ಳುವವರಿಗೆ ಕಾಲಾವಕಾಶವನ್ನೂ ಕೊಟ್ಟಿತು. ಎಮಿರೇಟ್ಸ್ 2020ರ ತಿದ್ದುಪಡಿಯಿಂದ ಶೇ 51ರ ಕಡ್ಡಾಯವನ್ನು ತೆಗೆದುಹಾಕಿತು. ಅದು 2021ರ ಜೂನ್ 1ರಿಂದ ಕಾರ್ಯರೂಪಕ್ಕೆ ಬಂತು. ಆಯಕಟ್ಟಿನ ಕೆಲವು ಕ್ಷೇತ್ರಗಳನ್ನು ಬಿಟ್ಟರೆ, ದುಬೈ ಒಂದರಲ್ಲೇ ಸಾವಿರಕ್ಕೂ ಹೆಚ್ಚು ಬಗೆಯ ವ್ಯವಹಾರಗಳಿಗೆ ವಿದೇಶಿಯರ ಪೂರ್ಣ ಒಡೆತನಕ್ಕೆ ದಾರಿಯಾಯಿತು.

ಹೊಸದಾಗಿ ಅಂಗಡಿ ಹಾಕುವವರಿಗೆ ಇದು ದೊಡ್ಡ ಬಿಡುಗಡೆ. ಹಳಬರ ಪಾಡು ಬೇರೆ. ಕಾನೂನು ಬದಲಾದ ಮಾತ್ರಕ್ಕೆ ಹಳೆಯ ಲೈಸೆನ್ಸಿನಲ್ಲಿರುವ ಹೆಸರು ತಾನಾಗಿ ಅಳಿಸುವುದಿಲ್ಲ. ಶೇ 51 ಪಾಲು ಕಾಗದದ ಮೇಲೆ ಅರಬಾಬ್‌ನದು. ಅವನು ಒಪ್ಪಿ, ನೋಟರಿಯ ಮುಂದೆ ವರ್ಗಾಯಿಸಿ, ಕರಾರನ್ನು ತಿದ್ದಿದರೆ ಮಾತ್ರ ಅಂಗಡಿ ನಡೆಸುವವರ ಹೆಸರಿಗೆ ಬರುತ್ತದೆ. ಪುಕ್ಕಟೆಯಾಗಿ ಬಿಡಬಹುದು, ಬೆಲೆ ಕೇಳಬಹುದು, ಒಲ್ಲೆ ಎನ್ನಬಹುದು. ಪರಿಚಯ, ಹೆಸರು, ಸ್ನೇಹ ಬೇಕೆಂದು ಹಳೆಯ ಪಾಲುದಾರನನ್ನು ತಾವಾಗಿಯೇ ಉಳಿಸಿಕೊಂಡವರೂ ಇದ್ದಾರೆ. ಅದು ತಪ್ಪಲ್ಲ. ಆದರೆ ಅದು ಅವರು ಆರಿಸಿಕೊಂಡದ್ದಾಗಿರಬೇಕು, ಕೇಳಲು ಅಂಜಿ ಸುಮ್ಮನಿದ್ದದ್ದಾಗಬಾರದು.

ಬರೆದಿಡಬೇಕಾದದ್ದು

ಪರದೇಶದವನೊಡನೆ ಪಾಲುದಾರಿಕೆ ಮಾಡುವ ಯಾರಿಗೇ ಆಗಲಿ ಈ ಇತಿಹಾಸ ಕಲಿಸುವ ಪಾಠ ಸರಳವಾಗಿದೆ. ಲಾಭ ಹೇಗೆ ಹಂಚುವುದು, ಬ್ಯಾಂಕಿನಲ್ಲಿ ಸಹಿ ಯಾರದು, ಒಬ್ಬ ಬಿಡಬೇಕೆಂದರೆ ಅವನ ಪಾಲಿಗೆ ಬೆಲೆ ಕಟ್ಟುವುದು ಹೇಗೆ, ಒಬ್ಬ ತೀರಿಕೊಂಡರೆ ಮುಂದೇನು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ನೋಂದಾಯಿಸಿದ ಕರಾರಿನಲ್ಲೇ ಇರಬೇಕು, ಪೆಟ್ಟಿಗೆಯೊಳಗಿನ ಎರಡನೆಯ ಕಾಗದದಲ್ಲಿ ಅಲ್ಲ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕುವ ಮೊದಲು ತಮ್ಮ ಕಡೆಯ ಅನುವಾದಕನಿಂದ ಓದಿಸಿಕೊಳ್ಳಬೇಕು.

ಊರಿನಲ್ಲಿರುವ ಅಣ್ಣನೋ ಭಾವನೋ ಆ ಅಂಗಡಿಗೆ ದುಡ್ಡು ಹಾಕಿ ಪಾಲು ಪಡೆದರೆ ಅದು ಭಾರತದ ಕಾನೂನಿನಲ್ಲಿ ವಿದೇಶಿ ಹೂಡಿಕೆ ಎಂಬುದನ್ನೂ ಮರೆಯಬಾರದು. 2022ರ ನಿಯಮಗಳ ಪ್ರಕಾರ ಅದು ಬ್ಯಾಂಕಿನ ಮೂಲಕ, ಲೆಕ್ಕ ಒಪ್ಪಿಸಿ ಹೋಗಬೇಕಾದ ಹಣ. ಇಲ್ಲವಾದರೆ ಅಲ್ಲಿ ಬೇನಾಮಿ, ಇಲ್ಲಿ ಹವಾಲಾ ಎಂದು ಎರಡೂ ದಡಗಳಲ್ಲಿ ಸಿಕ್ಕಿಬೀಳುವ ಸ್ಥಿತಿ ಬರುತ್ತದೆ.

1974ರಲ್ಲಿ ಭೂಮಿ ಉಳುವವನದಾಯಿತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಭೂಮಿ ತಾನಾಗಿ ಯಾರ ಹೆಸರಿಗೂ ಬರಲಿಲ್ಲ. ಏಳನೇ ನಂಬರಿನ ಫಾರಂ ತುಂಬಿ, ನ್ಯಾಯಮಂಡಳಿಯ ಮುಂದೆ ನಿಂತು, ಧಣಿಯ ಎದುರಿಗೆ ‘ಇದು ನಾನು ಉಳುತ್ತಿರುವ ಗದ್ದೆ’ ಎಂದವರಿಗೆ ಬಂತು. ಧಣಿಗಳು ಬೇಸರಪಟ್ಟುಕೊಂಡಾರು ಎಂದು ಗಡುವು ದಾಟಿಸಿದವರಿಗೆ ಬರಲಿಲ್ಲ. ಕರಾಮಾದ ಗಲ್ಲಾದಲ್ಲಿ ಕುಳಿತವರ ಅಜ್ಜಂದಿರಿಗೆ ಇದು ಚೆನ್ನಾಗಿ ಗೊತ್ತಿತ್ತು.