ಗೋಡೆಗೆ ಗೋಡೆ ಆತುಕೊಂಡ ಊರು

ದಕ್ಷಿಣ ಇಟಲಿಯ ಪುಲಿಯಾ ಪ್ರಾಂತ್ಯದ ಗುಡ್ಡವೊಂದರ ಮೇಲೆ ರೊಸೆಟೊ ವಾಲ್‌ಫೊರ್ಟೋರೆ ಎಂಬ ಊರಿದೆ. ಕಿರಿದಾದ ಓಣಿಗಳು, ಒಂದಕ್ಕೊಂದು ಆತುಕೊಂಡ ಕಲ್ಲಿನ ಮನೆಗಳು. ಹೊಲಗಳೆಲ್ಲ ಕೆಳಗೆ. ಬಯಲಿನಲ್ಲಿ ಮಲೇರಿಯಾದ ಭಯವಿದ್ದ ಕಾಲದಲ್ಲಿ ಆ ಸೀಮೆಯ ಜನ ಹೊಲದ ಮಗ್ಗುಲಲ್ಲಿ ಮನೆ ಕಟ್ಟುತ್ತಿರಲಿಲ್ಲ. ಬೆಳಗಿನ ಜಾವ ಇಳಿದು ಹೋಗಿ ದುಡಿದು, ಕತ್ತಲಾಗುವಾಗ ಗುಡ್ಡ ಹತ್ತಿ ಬರುತ್ತಿದ್ದರು. ಮನೆಗಳ ನಡುವಿನ ಈ ಒತ್ತು ಮುಂದೆ ಸಮುದ್ರವನ್ನೂ ದಾಟಿತು. ನನ್ನ ಮಟ್ಟಿಗೆ ರೊಸೆಟೊ ಕತೆಯ ತಿರುಳೇ ಅದು.

1861ರಲ್ಲಿ ಇಟಲಿ ಒಂದಾಯಿತು. ನೆಲ ಮಾತ್ರ ಜಮೀನ್ದಾರರ ಕೈಯಲ್ಲೇ ಉಳಿಯಿತು. 1869ರಿಂದ ಹಿಟ್ಟು ಬೀಸಿಸುವುದಕ್ಕೂ ತೆರಿಗೆ ಬಿತ್ತು. ರೊಟ್ಟಿಯೇ ಊಟವಾಗಿದ್ದ ಬಡವನಿಗೆ ಇದಕ್ಕಿಂತ ಕ್ರೂರವಾದ ಕಂದಾಯ ಬೇರೊಂದಿರಲಾರದು. 1882ರ ಜನವರಿಯಲ್ಲಿ ಈ ಊರಿನ ಹತ್ತು ಗಂಡಸರು ಮತ್ತು ಒಬ್ಬ ಹುಡುಗ ನ್ಯೂಯಾರ್ಕಿನ ಹಡಗು ಹತ್ತಿದರು. ಮಲ್ಬರಿ ಬೀದಿಯ ಹೆಂಡದಂಗಡಿಯೊಂದರ ನೆಲದ ಮೇಲೆ ಮೊದಲ ರಾತ್ರಿ ಕಳೆದು, ಪೆನ್ಸಿಲ್ವೇನಿಯಾದ ಬ್ಯಾಂಗೋರ್ ಕಡೆಗೆ ಹೊರಟರು. ಅಲ್ಲಿ ಸ್ಲೇಟುಕಲ್ಲಿನ ಗಣಿಗಳಿದ್ದವು. ಬಳಪ ಹಿಡಿದು ನಾವು ಅಕ್ಷರ ತಿದ್ದಿದೆವಲ್ಲ, ಅದೇ ಜಾತಿಯ ಕಲ್ಲು. ಅಮೆರಿಕದಲ್ಲಿ ಮನೆಯ ಮಾಡಿಗೂ ಶಾಲೆಯ ಕಪ್ಪುಹಲಗೆಗೂ ಬೇಕಾಗಿತ್ತು. ಊರಲ್ಲೇ ಕಲ್ಲು ಒಡೆದು ಪಳಗಿದ್ದವರಿಗೆ ಕೆಲಸ ಹೊಸದೇನಲ್ಲ.

ಹೋದವರ ಕಾಗದಗಳು ಬಂದವು, ಹಿಂದೆಯೇ ಇನ್ನಷ್ಟು ಜನ ಹೊರಟರು. 1894 ಒಂದೇ ವರ್ಷದಲ್ಲಿ ಸುಮಾರು 1,200 ಮಂದಿ ಪಾಸ್‌ಪೋರ್ಟ್ ಕೇಳಿದರು. ಬ್ಯಾಂಗೋರ್‌ನಲ್ಲಿ ಮೊದಲೇ ಬೇರೂರಿದ್ದವರು ವೇಲ್ಸ್ ಮತ್ತು ಇಂಗ್ಲೆಂಡಿನವರು. ಅವರ ಕಣ್ಣಿಗೆ ಇಟಲಿಯವರು ಕೀಳು. ಹೀಗಾಗಿ ರೊಸೆಟೊ ಜನ ಪಕ್ಕದ ಕಲ್ಲುಗುಡ್ಡದಲ್ಲಿ ನೆಲ ಕೊಂಡರು. ಅಮೆರಿಕದಲ್ಲಿ ಜಾಗಕ್ಕೇನು ಬರ? ಆದರೂ ಮನೆಗಳನ್ನು ಒತ್ತೊತ್ತಾಗಿಯೇ ಕಟ್ಟಿದರು. ಮೇಲಿನ ಹೊದಿಕೆ ತಾವೇ ತೆಗೆದ ಸ್ಲೇಟು. ದೊಡ್ಡ ಬೀದಿಗೆ ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಗರಿಬಾಲ್ಡಿಯ ಹೆಸರು, ಚರ್ಚು ಕಾರ್ಮೆಲ್ ಮಾತೆಯದು, ಊರಿಗೆ ಮತ್ತೆ ರೊಸೆಟೊ ಎಂದೇ ಹೆಸರು.

ಈ ಊರನ್ನು ಊರಾಗಿಸಿದವರು ಪಾದ್ರಿ ಪಾಸ್ಕ್ವಾಲೆ ದೆ ನಿಸ್ಕೊ. 1890ರ ದಶಕದ ಕೊನೆಗೆ ಬಂದ ಅವರು ಹಬ್ಬಗಳನ್ನು ಏರ್ಪಡಿಸಿದರು, ಸಂಘಗಳನ್ನು ಕಟ್ಟಿದರು. ಹಿತ್ತಿಲು ಹಸನು ಮಾಡಿ ಈರುಳ್ಳಿ, ಹುರುಳಿಕಾಯಿ, ಆಲೂಗಡ್ಡೆ ಹಾಕಿರೆಂದು ಬೀಜವನ್ನೂ ಹಂಚಿದರು. 1912ರಲ್ಲಿ ಊರಿಗೆ ಸ್ವಂತ ಆಡಳಿತ ಬಂತು. ಬರಬರುತ್ತ ಹೆಂಗಸರು ರವಿಕೆ ಹೊಲಿಯುವ ಕಾರ್ಖಾನೆಗಳಿಗೆ ಹೋದರು, ಮಕ್ಕಳು ಕಾಲೇಜು ಸೇರಿದರು.

1950ರ ದಶಕದ ಕೊನೆಯಲ್ಲಿ ಸ್ಟೀವರ್ಟ್ ವುಲ್ಫ್ ಎಂಬ ವೈದ್ಯರಿಗೆ ಅಲ್ಲಿನ ಡಾಕ್ಟರೊಬ್ಬರು ಒಂದು ಮಾತು ಹೇಳಿದರು: ರೊಸೆಟೊದಲ್ಲಿ 65 ದಾಟದವರಿಗೆ ಹೃದ್ರೋಗ ಬಂದದ್ದನ್ನು ಕಂಡದ್ದೇ ಅಪರೂಪ. ವುಲ್ಫ್, ಸಮಾಜಶಾಸ್ತ್ರಜ್ಞ ಜಾನ್ ಬ್ರೂನ್ ಅವರನ್ನು ಜೊತೆಗೆ ಕರೆದುಕೊಂಡು ಮನೆಮನೆ ಸುತ್ತಿದರು. ಜನ ಅಡುಗೆಗೆ ಹಂದಿಯ ಕೊಬ್ಬು ಬಳಸುತ್ತಿದ್ದರು, ಹೊಗೆ ಸೇದುತ್ತಿದ್ದರು, ಗಣಿಯ ಧೂಳು ಕುಡಿದವರು. ಹಾಗಾದರೆ ಕಾಪಾಡಿದ್ದೇನು? ಮೂರು ತಲೆಮಾರು ಒಂದೇ ಸೂರಿನಡಿ ಇತ್ತು. ಎರಡು ಸಾವಿರಕ್ಕೂ ಕಡಿಮೆ ಜನರಿದ್ದ ಊರಲ್ಲಿ 22 ಸಂಘಗಳಿದ್ದವು. ಹಣವಂತ ತನ್ನ ಹಣ ಮೆರೆಸುತ್ತಿರಲಿಲ್ಲ. ಇಷ್ಟು ಸಣ್ಣ ಊರಿನ ಲೆಕ್ಕದಿಂದ ದೊಡ್ಡ ತೀರ್ಮಾನಕ್ಕೆ ಬರಬಾರದು ಎಂದವರೂ ಇದ್ದರು, ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಒಗ್ಗಟ್ಟು ಸಡಿಲವಾದರೆ ರಕ್ಷಣೆಯೂ ಹೋದೀತು ಎಂದು ಸಂಶೋಧಕರು ಮೊದಲೇ ಹೇಳಿದ್ದರು. ಎರಡೂ ಊರುಗಳ 50 ವರ್ಷಗಳ ಸಾವಿನ ದಾಖಲೆ ಹೋಲಿಸಿದ 1992ರ ಅಧ್ಯಯನದಲ್ಲಿ ಅದೇ ಕಂಡಿತು: ಹೃದ್ರೋಗದ ಸಾವಿನ ಲೆಕ್ಕದಲ್ಲಿ ರೊಸೆಟೊ, ಪಕ್ಕದ ಬ್ಯಾಂಗೋರ್‌ನ ಮಟ್ಟಕ್ಕೆ ಬಂದಿತ್ತು. ಅಷ್ಟರಲ್ಲಿ ಹೊಸ ಮನೆಗಳು ಊರಾಚೆ ಹುಲ್ಲುಹಾಸು, ಬೇಲಿಗಳ ನಡುವೆ ದೂರದೂರ ಎದ್ದಿದ್ದವು.

ಇಟಲಿಯ ರೊಸೆಟೊದಲ್ಲಿ ಈಗ ಉಳಿದವರು ಸುಮಾರು ಒಂದು ಸಾವಿರ. ಅಲ್ಲಿಂದ ಹೊರಟವರ ಮೊಮ್ಮಕ್ಕಳು, ಮರಿಮಕ್ಕಳು ಪೆನ್ಸಿಲ್ವೇನಿಯಾದಲ್ಲಿ ಪ್ರತಿ ಜುಲೈನಲ್ಲೂ ಕಾರ್ಮೆಲ್ ಮಾತೆಯ ಹಬ್ಬಕ್ಕೆ ಸೇರುತ್ತಾರೆ.