ಎರವಲಿನ ಚಿತ್ರ, ಒಡೆತನದ ಚಿತ್ರ

ಮನೆಯಲ್ಲಿ ಕುಳಿತು ಚಲನಚಿತ್ರ ನೋಡಬಯಸುವವರಿಗೆ ಇಂದು ಎರಡು ದಾರಿಗಳಿವೆ. ಒಂದು, ಡಿವಿಡಿ, ಬ್ಲೂ-ರೇ ಮೊದಲಾದ ಬಿಲ್ಲೆಗಳು. ಇನ್ನೊಂದು, ಅಂತರ್ಜಾಲದಲ್ಲಿ ಹರಿದುಬರುವ ಚಿತ್ರ, ಅಂದರೆ ಸ್ಟ್ರೀಮಿಂಗ್.

ಎರಡನೆಯದರ ಸೌಕರ್ಯವನ್ನು ನಾನು ಅಲ್ಲಗಳೆಯಲಾರೆ. ಚಂದಾ ತೆತ್ತರೆ ನೂರಾರು ಚಿತ್ರಗಳು ಕೈಗೆಟಕುತ್ತವೆ. ಕಪಾಟು ಬೇಡ, ಧೂಳು ಒರೆಸುವ ಕೆಲಸವಿಲ್ಲ. ಆದರೆ ಸಾಗಣೆಯ ಅನುಕೂಲಕ್ಕಾಗಿ ಚಿತ್ರದ ಮಾಹಿತಿಯನ್ನು ಬಹಳವಾಗಿ ಅಡಕಗೊಳಿಸಬೇಕಾಗುತ್ತದೆ. ಸಂಪರ್ಕದ ವೇಗ ಕುಗ್ಗಿದಾಗ ದೃಶ್ಯ ಮಸುಕಾಗುತ್ತದೆ. ಕತ್ತಲೆಯ ಸನ್ನಿವೇಶಗಳಲ್ಲಿ ನೆರಳಿನ ಸೂಕ್ಷ್ಮ ಛಾಯೆಗಳು ಕದಡಿಹೋಗುವುದೂ ಉಂಟು. ಎರಡು ಪದರದ ಬ್ಲೂ-ರೇ ಬಿಲ್ಲೆಯಲ್ಲಿ 50 ಗಿಗಾಬೈಟ್ ಹಿಡಿಯುವುದರಿಂದ ಅಷ್ಟೊಂದು ಅಡಕ ಅಗತ್ಯವಿಲ್ಲ.

ಇದಕ್ಕಿಂತ ಮುಖ್ಯವಾದುದು ಒಡೆತನದ ಪ್ರಶ್ನೆ. ಚಂದಾದಾರನಿಗೆ ದೊರೆಯುವುದು ನೋಡುವ ಅನುಮತಿ ಮಾತ್ರ. ಪ್ರಸಾರದ ಹಕ್ಕಿನ ಅವಧಿ ಮುಗಿದರೆ ಚಿತ್ರ ಪಟ್ಟಿಯಿಂದ ಮರೆಯಾಗುತ್ತದೆ. ನಾನು ಅರ್ಧ ನೋಡಿ ಮರುವಾರಕ್ಕೆಂದು ಉಳಿಸಿಕೊಂಡಿದ್ದ ಚಿತ್ರವೊಂದು ಹೀಗೆಯೇ ಕೈತಪ್ಪಿತು.

ಚಲನಚಿತ್ರ ಬಲು ನಾಜೂಕಿನ ವಸ್ತು. 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದಕ್ಕೆ ಬಿದ್ದ ಬೆಂಕಿಯಲ್ಲಿ ಸತ್ಯಜಿತ್ ರಾಯರ ‘ಅಪು’ ಚಿತ್ರತ್ರಯದ ಮೂಲ ನೆಗೆಟಿವ್‌ಗಳು ಸುಟ್ಟು ಹಾಳಾದವು. ಶ್ರಮದ ಜೀರ್ಣೋದ್ಧಾರದ ಬಳಿಕ 2015ರಲ್ಲಿ ಆ ಚಿತ್ರಗಳು ಬ್ಲೂ-ರೇ ಬಿಲ್ಲೆಗಳಾಗಿ ಹೊರಬಂದವು. ಅಂಥ ಕೃತಿಯ ಪ್ರತಿಗಳು ನಾಲ್ಕಾರು ಮನೆಗಳಲ್ಲಿರುವುದು ಲೇಸು.

ಬಿಲ್ಲೆಯೂ ಚಿರಂಜೀವಿಯಲ್ಲ, ನಿಜ. ಗೀರು ಬಿದ್ದರೆ ಕೆಡುತ್ತದೆ. ಅದನ್ನು ಓದುವ ಯಂತ್ರವೂ ಬೇಕು. ಎಲ್ಲ ಚಿತ್ರಗಳೂ ಬಿಲ್ಲೆಯಾಗಿ ಬರುವುದಿಲ್ಲ.

ನಾವು ಪುಸ್ತಕಗಳನ್ನೆಲ್ಲ ಕೊಳ್ಳುವುದಿಲ್ಲ. ಬಹಳಷ್ಟನ್ನು ವಾಚನಾಲಯದಿಂದ ತಂದು ಓದಿ ಹಿಂದಿರುಗಿಸುತ್ತೇವೆ. ಮತ್ತೆ ಮತ್ತೆ ತೆರೆಯಬೇಕೆನಿಸುವುದನ್ನು ಮಾತ್ರ ಕೊಂಡು ಇಟ್ಟುಕೊಳ್ಳುತ್ತೇವೆ. ಚಿತ್ರಗಳ ವಿಷಯದಲ್ಲಿಯೂ ಈ ವಿವೇಕವೇ ಸಾಕು.