30 ನ್ಯಾನೊಮೀಟರಿನ ಬಾಗಿಲು

ಒಂದು ಘನ ಮಿಲಿಮೀಟರ್ ಎಂದರೆ ಒಂದು ರಾಗಿ ಕಾಳು ಕೂಡ ಸರಿಯಾಗಿ ಹಿಡಿಸದಷ್ಟು ಜಾಗ. ಅಷ್ಟರೊಳಗೆ 30 ನ್ಯಾನೊಮೀಟರ್ ಅಗಲದ ಉಂಡೆಗಳನ್ನು ತುಂಬಿದರೆ ಎಷ್ಟು ಹಿಡಿದಾವು? ಉಂಡೆಗಳ ನಡುವಿನ ಸಂದುಗೊಂದು ಕಳೆದು ಲೆಕ್ಕ ಹಾಕಿದರೂ ಸುಮಾರು 45 ಲಕ್ಷ ಕೋಟಿ. ಮನುಷ್ಯನ ಮೈಯಲ್ಲಿರುವ ಸ್ವಂತ ಜೀವಕೋಶಗಳು ಅಂದಾಜು 30ರಿಂದ 37 ಲಕ್ಷ ಕೋಟಿ. ಒಂದೊಂದು ಕೋಶಕ್ಕೂ ಒಂದೊಂದು ಉಂಡೆ ಹಂಚಿದ ಮೇಲೂ ಲಕ್ಷಾಂತರ ಕೋಟಿ ಮಿಗುತ್ತವೆ.

ಇಂಥ ಉಂಡೆಗಳ ಹೊಟ್ಟೆಯಲ್ಲಿ ಕ್ಯಾನ್ಸರ್ ಔಷಧವನ್ನಿಟ್ಟು ಗಡ್ಡೆಯೊಳಕ್ಕೆ ಕಳಿಸುವ ಕೆಲಸ ಜಪಾನಿನ ಕಾವಾಸಾಕಿಯಲ್ಲಿ ನಡೆಯುತ್ತಿದೆ. ತಾಮಾ ನದಿ ಸಮುದ್ರ ಸೇರುವಲ್ಲಿ, ಹಾನೆಡಾ ವಿಮಾನ ನಿಲ್ದಾಣದ ಎದುರು ದಡದ ತೊನೊಮಾಚಿಯಲ್ಲಿ, ಹಿಂದೆ ಇಸುಜು ಲಾರಿ ಕಾರ್ಖಾನೆಯಿದ್ದ ನೆಲದಲ್ಲಿ, ಸುಮಾರು 40 ಹೆಕ್ಟೇರಿನ ಸಂಶೋಧನಾ ವಲಯವೊಂದು ಎದ್ದಿದೆ. ಅದರೊಳಗೆ 2015ರಲ್ಲಿ ಶುರುವಾದದ್ದು ಇನ್ನೊವೇಶನ್ ಸೆಂಟರ್ ಆಫ್ ನ್ಯಾನೊಮೆಡಿಸಿನ್. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಮಾಡಿದ ಕಝುನೊರಿ ಕತಾವೊಕಾ ಅದನ್ನು ಮುನ್ನಡೆಸಿದವರು.

ಈ ಊರಿಗೂ ಸಣ್ಣ ಕಣಗಳಿಗೂ ಹಳೆಯ ನಂಟಿದೆ, ಅದು ಕಹಿಯಾದ ನಂಟು. ಕಾರ್ಖಾನೆ ಮತ್ತು ಹೆದ್ದಾರಿಗಳ ಹೊಗೆಯಿಂದ ಉಬ್ಬಸ ಹತ್ತಿದ ನಿವಾಸಿಗಳು 1982ರಲ್ಲಿ ಕೋರ್ಟಿಗೆ ಹೋದರು. ಸರ್ಕಾರದೊಂದಿಗೆ ರಾಜಿಯಾಗಿ ವ್ಯಾಜ್ಯ ಮುಗಿದಾಗ 1999. ಈಗ ನಾವೆಲ್ಲ ಹೆದರುವ ಪಿಎಂ 2.5 ಧೂಳಿನ ಕಣದ ಅಳತೆ 2,500 ನ್ಯಾನೊಮೀಟರಿನವರೆಗೆ. ಕತಾವೊಕಾ ಅವರ ಉಂಡೆ ಅದಕ್ಕಿಂತ ಎಂಬತ್ತು ಪಟ್ಟು ಕಿರಿದು. ಒಂದು ಕೆಂಪು ರಕ್ತಕಣದ ಅಗಲಕ್ಕೆ ಇಂಥ 250 ಉಂಡೆಗಳನ್ನು ಸಾಲಾಗಿ ಇಡಬಹುದು.

ಇವನ್ನು ಕೈಯಲ್ಲಿ ಯಾರೂ ಕಟ್ಟುವುದಿಲ್ಲ. ಒಂದು ತುದಿ ನೀರಿಗೆ ಒಗ್ಗುವ, ಇನ್ನೊಂದು ತುದಿ ನೀರಿನಿಂದ ದೂರ ಸರಿಯುವ ಉದ್ದನೆಯ ಪಾಲಿಮರ್ ಎಳೆಗಳನ್ನು ನೀರಿಗೆ ಬಿಟ್ಟರೆ ಸಾಕು. ನೀರು ಒಗ್ಗದ ತುದಿಗಳೆಲ್ಲ ಒಳಮುಖವಾಗಿ ಕೂಡಿಕೊಳ್ಳುತ್ತವೆ, ಒಗ್ಗುವ ತುದಿಗಳು ಹೊರಗೆ ನಿಲ್ಲುತ್ತವೆ. ಇದೇ ಮೈಸೆಲ್. ಒಳಗಿನ ಆ ಒಣ ಗೂಡಿನಲ್ಲಿ ಔಷಧ ಕೂರುತ್ತದೆ.

ರಕ್ತಕ್ಕೆ ಇಳಿದ ಮೇಲೆ ಅದರ ಪಾಡು ನೋಡಿ. ನಮ್ಮ ಮೈಯಲ್ಲಿರುವುದು ಹೆಚ್ಚುಕಡಿಮೆ ಐದು ಲೀಟರ್ ರಕ್ತ, ಹೃದಯ ನಿಮಿಷಕ್ಕೆ ತಳ್ಳುವುದೂ ಅಷ್ಟೇ. ಒಂದು ದಿನ ರಕ್ತದಲ್ಲಿ ಉಳಿದುಕೊಂಡ ಕಣ ಸರಾಸರಿ 1,440 ಸುತ್ತು ಹಾಕುತ್ತದೆ. ಆದರೆ ಉಳಿದುಕೊಳ್ಳುವುದೇ ಕಷ್ಟ. ಹತ್ತು ನ್ಯಾನೊಮೀಟರಿಗಿಂತ ತೀರ ಚಿಕ್ಕದಾದರೆ ಮೂತ್ರಪಿಂಡ ಸೋಸಿ ಹೊರಗೆ ಹಾಕುತ್ತದೆ. ದೊಡ್ಡದಾದರೆ ಪಿತ್ತಜನಕಾಂಗ ಮತ್ತು ಗುಲ್ಮ ಹಿಡಿದು ಇಟ್ಟುಕೊಳ್ಳುತ್ತವೆ. ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದವು, ಗೋಡೆ ಸೋರುತ್ತದೆ, ದೊಡ್ಡ ಅಣುಗಳು ಅಲ್ಲಿ ನುಗ್ಗಿ ಉಳಿಯುತ್ತವೆ ಎಂದು ಕುಮಾಮೊಟೊದ ಮತ್ಸುಮುರಾ ಮತ್ತು ಮಯೆದಾ 1986ರಲ್ಲಿ ತೋರಿಸಿದ್ದರು. ಕತಾವೊಕಾ ತಂಡದ ಭರವಸೆ ನಿಂತದ್ದು ಈ ಸೋರುವ ಗೋಡೆಯ ಮೇಲೆ.

ಎಲ್ಲ ಗಡ್ಡೆಗಳ ಗೋಡೆಯೂ ಒಂದೇ ತೆರನಾಗಿ ಸೋರುತ್ತದೆಯೇ? 2011ರಲ್ಲಿ ಪ್ರಕಟವಾದ ಅವರ ಪ್ರಯೋಗ ನನ್ನನ್ನು ಬೆರಗುಗೊಳಿಸಿದ್ದು ಇಲ್ಲೇ. ಪ್ಲಾಟಿನಂ ಔಷಧ ತುಂಬಿದ ಮೈಸೆಲ್‌ಗಳನ್ನು ನಾಲ್ಕು ಅಳತೆಯಲ್ಲಿ ಮಾಡಿದರು: 30, 50, 70, 100 ನ್ಯಾನೊಮೀಟರ್. ಇಲಿಗಳ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯೊಳಕ್ಕೆ ನಾಲ್ಕೂ ನುಗ್ಗಿದವು. ಮನುಷ್ಯನ ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಇಲಿಯಲ್ಲಿ ಬೆಳೆಸಿ ನೋಡಿದಾಗ, ನಾರಿನಂಥ ಅಂಗಾಂಶ ದಟ್ಟವಾಗಿ ಸುತ್ತಿಕೊಂಡ ಆ ಗಡ್ಡೆಯ ಒಳಗೆ ಆಳಕ್ಕೆ ಹೋದದ್ದು 30ರದ್ದು ಮಾತ್ರ. ರೋಗ ಪತ್ತೆಯಾದವರಲ್ಲಿ ಐದು ವರ್ಷ ಬದುಕುವವರು ನೂರಕ್ಕೆ ಹತ್ತರ ಆಸುಪಾಸು ಎನ್ನುವ ಕ್ಯಾನ್ಸರ್ ಅದು. ಅದೇ ಔಷಧ, ಅದೇ ಎಳೆ. ಬದಲಾದದ್ದು ಗಾತ್ರವೊಂದೇ. 30ಕ್ಕೂ 50ಕ್ಕೂ ನಡುವೆ ಇರುವುದು ಒಂದು ಮಿಲಿಮೀಟರಿನ 50,000ದಲ್ಲಿ ಒಂದು ಪಾಲು. ಬಾಗಿಲು ತೆರೆಯುವುದೋ ಮುಚ್ಚುವುದೋ ಅಷ್ಟರಲ್ಲಿ ತೀರ್ಮಾನವಾಗಿತ್ತು.

ತಲುಪಿದ್ದೆಷ್ಟು ಎಂಬುದು ಬೇರೆಯೇ ಲೆಕ್ಕ. ಹತ್ತು ವರ್ಷಗಳ 117 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕೆನಡಾದ ಸಂಶೋಧಕರು 2016ರಲ್ಲಿ ಹೇಳಿದ್ದು, ಪ್ರಾಣಿಗಳಿಗೆ ಚುಚ್ಚಿದ ನ್ಯಾನೊಕಣಗಳಲ್ಲಿ ಗಡ್ಡೆಗೆ ಸೇರುವ ಮಧ್ಯಮ ಪ್ರಮಾಣ ಶೇ 0.7 ಎಂದು. ಸಾವಿರದಲ್ಲಿ ಏಳು! ಎದೆ ಧಸಕ್ಕೆನ್ನುತ್ತದೆ, ನಿಜ. ಆದರೂ ಮೊದಲಿನ 45 ಲಕ್ಷ ಕೋಟಿಗೆ ಅದನ್ನೇ ಅನ್ವಯಿಸಿದರೆ ತಲುಪುವವು 31,500 ಕೋಟಿ. ಒಂದು ಘನ ಸೆಂಟಿಮೀಟರ್ ಗಡ್ಡೆಯಲ್ಲಿ 100 ಕೋಟಿ ಕೋಶಗಳಿವೆ ಎಂದು ಇಟ್ಟುಕೊಂಡರೂ ತಲೆಗೆ 300ರ ಮೇಲೆ ಬೀಳುತ್ತದೆ. ಸೋತಂತೆ ಕಾಣುವ ಶೇಕಡಾವಾರಿನ ಒಳಗೂ ಇಷ್ಟು ಬಲ ಅಡಗಿದೆ.

ಮನುಷ್ಯರ ಮೇಲಿನ ಪರೀಕ್ಷೆ ಮಾತ್ರ ಇನ್ನೂ ನಿಷ್ಠುರ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧ ಹಾಕಿಸಿಕೊಂಡವರ ಮನೆಯವರಿಗೆ ಒಂದು ತೊಂದರೆ ಗೊತ್ತು. ಬೆರಳ ತುದಿ ಜೋಮು ಹಿಡಿಯುತ್ತದೆ. ರವಿಕೆಯ ಹುಕ್ಕು ಸಿಗುವುದಿಲ್ಲ, ಹೂ ಕಟ್ಟಲು ಹೋದರೆ ದಾರ ಕೈಗೆ ತಿಳಿಯುವುದಿಲ್ಲ, ಕಾಲಿನಿಂದ ಚಪ್ಪಲಿ ಜಾರಿದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ಗೊತ್ತಾಗುತ್ತದೆ. ಈ ಔಷಧವನ್ನೇ ಮೈಸೆಲ್‌ನಲ್ಲಿ ತುಂಬಿದ ಎನ್‌ಕೆ105 ಅನ್ನು ಸ್ತನ ಕ್ಯಾನ್ಸರ್ ಹರಡಿದ 436 ಮಹಿಳೆಯರ ಪರೀಕ್ಷೆಯಲ್ಲಿ ಹಳೆಯ ಔಷಧದ ಜೊತೆ ಹೋಲಿಸಿದರು. 2019ರಲ್ಲಿ ಫಲಿತಾಂಶ ಬಂತು. ರೋಗ ಉಲ್ಬಣವಾಗದೆ ನಿಂತ ಮಧ್ಯಮ ಕಾಲ ಮೈಸೆಲ್‌ನದು 8.4 ತಿಂಗಳು, ಹಳೆಯದರದು 8.5. ಮೊದಲೇ ಹಾಕಿಕೊಂಡಿದ್ದ ಅಂಕಿಅಂಶದ ಗೆರೆಯನ್ನು ಅದು ದಾಟಲಿಲ್ಲ. ಪರೀಕ್ಷೆ ವಿಫಲವೆಂದು ದಾಖಲಾಯಿತು.

ಅದೇ ವರದಿಯ ಇನ್ನೊಂದು ಸಾಲನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಕೈಕಾಲಿನ ನರಗಳ ತೀವ್ರ ಜೋಮು ಹಳೆಯ ಔಷಧ ಪಡೆದವರಲ್ಲಿ ಶೇ 7.5, ಮೈಸೆಲ್ ಪಡೆದವರಲ್ಲಿ ಶೇ 1.4. ಸಾವಿರ ಹೆಂಗಸರಿಗೆ ಲೆಕ್ಕ ಹಾಕಿದರೆ 75ರ ಬದಲು 14. ತಿಂಗಳುಗಳನ್ನಷ್ಟೇ ಅಳೆಯುವ ಗೆರೆಗೆ ಈ 61 ಜನರ ಬೆರಳುಗಳು ಲೆಕ್ಕಕ್ಕೆ ಬರಲಿಲ್ಲ. ಬರಬೇಕಿತ್ತು ಎಂದೇ ನನ್ನ ಅಭಿಪ್ರಾಯ.